ಅಂಗೈ ಇಟ್ಟು ನೋಡುವ ಸಾಹೇಬರು

ನಮ್ಮ ಸಾಹೇಬರು ಕಲ್ಲಂಗಡಿ ಕೊಳ್ಳಲು ಬಂದು ನಿಂತರೆ ಅಂಗಡಿಯವನು ತಾನಾಗಿಯೇ ಚಾಕು ತೆಗೆದು ಮುಂದಿಡುತ್ತಿದ್ದ. ಎಲ್ಲರಂತೆ ತಟ್ಟಿ ನೋಡಿ ಒಯ್ಯುವ ಗಿರಾಕಿ ಅವರಲ್ಲ ಎಂಬುದು ಕೊಪ್ಪಳದ ಸಂತೆಗೆಲ್ಲ ಗೊತ್ತಿತ್ತು. ಹಣ್ಣು ಕೊಯ್ದು, ನಡುವಿನ ಚೂರೊಂದನ್ನು ಬಿಸಿಲಿಗೆ ಹಿಡಿದು, ತಿಂದು, ಆಮೇಲೂ ಒಮ್ಮೆ ಅಂಗಡಿಯವನ ಮುಖ ನೋಡಿ ತಲೆಯಾಡಿಸುತ್ತಿದ್ದರು. ಆ ತಲೆಯಾಡಿಸುವಿಕೆಗೆ 'ಇರಲಿ, ಸದ್ಯಕ್ಕ ನಂಬೀನಿ' ಎಂದು ಅರ್ಥ. ಅದಕ್ಕಿಂತ ಹೆಚ್ಚಿನ ನಂಬಿಕೆಯನ್ನು ಅವರು ಯಾರಿಗೂ ಕೊಟ್ಟಿದ್ದನ್ನು ನಾನು ಕಂಡಿಲ್ಲ.

ಅವರು ಆಹಾರ ಧಾನ್ಯದ ಗೋದಾಮುಗಳ ಇನ್ಸ್‌ಪೆಕ್ಟರ್ ಆಗಿದ್ದರು. ನಾನು ಅವರ ಕೈಕೆಳಗಿನ ಗುಮಾಸ್ತ, ಮೇಲಾಗಿ ಪಕ್ಕದ ಮನೆಯವ. ಗಂಗಾವತಿಯ ಗಿರಣಿಗಳಿಂದ ಬರುವ ಅಕ್ಕಿಯನ್ನು ಪರೀಕ್ಷೆ ಮಾಡುವುದು ಅವರ ಕೆಲಸ. ಚೂಪು ಮೂತಿಯ ಉಕ್ಕಿನ ಕೊಳವೆಯನ್ನು ಚೀಲದ ಹೊಟ್ಟೆಗೆ ಚುಚ್ಚಿದರೆ ಒಳಗಿನ ಅಕ್ಕಿ ಅಂಗೈಗೆ ಸುರಿಯುತ್ತದೆ. ಅದನ್ನು ಅವರು ಹೆಬ್ಬೆರಳಿನಿಂದ ಹರವಿ ನೋಡುವಾಗ ಗಿರಣಿಯವರು ಆ ಬೆರಳನ್ನೇ ನೋಡುತ್ತ ನಿಂತಿರುತ್ತಿದ್ದರು.

"ಚೀಲದ ಬಾಯಾಗಿನ ಅಕ್ಕಿ ನೋಡಬ್ಯಾಡ ತಮ್ಮಾ. ಅದನ್ನ ನಿನಗ ತೋರಸಾಕಂತನ ಹಾಕಿರ್ತಾರ. ನಡುವಿನ ಅಕ್ಕಿ ನೋಡು" ಎಂದು ನನಗೆ ಹೇಳುತ್ತಿದ್ದರು.

ಈ ಮಾತು ಗೋದಾಮಿನಲ್ಲೇ ಉಳಿದಿದ್ದರೆ ಚಿಂತೆ ಇರಲಿಲ್ಲ. ಹೋಟೆಲಿನಲ್ಲಿ ಇಡ್ಲಿಯನ್ನು ನಡುವೆ ಮುರಿದು ನೋಡುವರು. ಮಗಳ ಮದುವೆಗೆ ಗಂಡು ನೋಡಲು ಹೋದಾಗ ಪಡಸಾಲೆಯಲ್ಲಿ ಕೂಡ್ರದೆ ನೇರ ಹಿತ್ತಲಿಗೆ ನಡೆದು ಬಚ್ಚಲು ನೋಡಿ ಬಂದರಂತೆ. ಯಲಬುರ್ಗಾ ಬಸ್ಸಿಗೆ ಬೋರ್ಡ್ ಇದ್ದರೂ, ಕಂಡಕ್ಟರ್ ಕೂಗಿದರೂ, ಒಳಗೆ ಕೂತ ಮುದುಕಿಯೊಬ್ಬಳನ್ನು "ಯವ್ವಾ, ಇದು ಯಲಬುರ್ಗಾಕ್ಕ ಹೊಕ್ಕತೇನು?" ಎಂದು ಕೇಳಿಯೇ ಹತ್ತುವರು. ಅವರ ಸಹವಾಸದಲ್ಲಿ ನನಗೂ ಆ ರೋಗ ಅಂಟಿದೆ. ಈಗ ಯಾರಾದರೂ ನನಗೆ ನಕ್ಕು ನಮಸ್ಕಾರ ಮಾಡಿದರೆ ಇವನಿಗೆ ನನ್ನಿಂದ ಏನು ಬೇಕಾಗಿದೆಯೋ ಎಂದು ಮೊದಲು ಯೋಚಿಸುತ್ತೇನೆ.

ನಿವೃತ್ತಿಯಾದ ಕೂಡಲೇ ಸಾಹೇಬರು ಒಂದು ದೊಡ್ಡ ಮೋಟರ್ ಸೈಕಲ್ ಕೊಂಡರು. ಮುಂದೆ ಗಾಳಿ ತಡೆಯುವ ಗಾಜು, ಹಿಂದೆ ಎರಡೂ ಕಡೆ ಪೆಟ್ಟಿಗೆ, ದೇಶ ಸುತ್ತುವವರು ಇಟ್ಟುಕೊಳ್ಳುವಂಥ ಗಾಡಿ. ಓಣಿಗೆ ಓಣಿಯೇ ಬಾಯಿ ಬಿಟ್ಟಿತು. "ನೌಕರಿ ತುಂಬ ಜೀಪಿನ ಹಿಂದಿನ ಸೀಟಿನಾಗ ಕುಂತು ಈ ದಾರಿ ಎಲ್ಲಾ ನೋಡೀನಿ. ಡ್ರೈವರ್ ಎಲ್ಲಿ ನಿಂದ್ರಸ್ತಾನ ಅಲ್ಲೇ ಇಳಿದೀನಿ. ಇನ್ನ ನಾ ಎಲ್ಲಿ ನಿಂದ್ರಬೇಕೋ ಅಲ್ಲೇ ನಿಂದರ್ತೀನಿ" ಎಂದರು. ಇದಿಷ್ಟೇ ಕಾರಣ ಇರಲಾರದು ಎಂದು ನಾನು ಆಗಲೇ ಸಂಶಯಪಟ್ಟೆ. ಆದರೆ ಆ ಸಲ ಇದಿಷ್ಟೇ ಕಾರಣವಾಗಿತ್ತು.

ಅವರ ಹೆಂಡತಿಯನ್ನು ನಾನು ಅಕ್ಕಾ ಎಂದು ಕರೆಯುತ್ತೇನೆ. ಅಕ್ಕನ ಅಣ್ಣನಿಗೆ ಕಿವಿ ಮಂದವಾಗಿತ್ತು. ಹೊಲದಿಂದ ಸೈಕಲ್ಲಿನಲ್ಲಿ ಬರುವಾಗ ಹಿಂದೆ ಬಂದ ಟ್ರ್ಯಾಕ್ಟರಿನ ಸದ್ದು ಕೇಳದೆ ಅದರ ಕೆಳಗೆ ಸಿಕ್ಕು ಸತ್ತಿದ್ದ. ಹೊಸ ಗಾಡಿಗೆ ಕಾಯಿ ಒಡೆಯುವ ಹೊತ್ತಿನಲ್ಲಿ ಅಕ್ಕ ಎಲ್ಲರೆದುರು ಗಂಡನಿಗೆ ಹೇಳಿದಳು: "ಕಣ್ಣರ ಹೋಗಲಿ, ಕಿವಿಯರ ಹೋಗಲಿ, ಹೋದ ದಿನ ಕೀಲಿ ನನ್ನ ಕೈಯಾಗ ಇಡಬೇಕು ನೋಡ್ರಿ. ಇಲ್ಲಿ ದೇವರ ಮುಂದ ಹೂಂ ಅನ್ರಿ." ಸಾಹೇಬರು ಹೂಂ ಎಂದರು. ನಾನು ಅಲ್ಲೇ ಕರ್ಪೂರ ಹಿಡಿದುಕೊಂಡು ನಿಂತಿದ್ದೆ.

ಗಾಡಿ ಬಂದು ಕೆಲವು ವರ್ಷ ಎಲ್ಲವೂ ಸುಸೂತ್ರ ನಡೆಯಿತು. ಆಮೇಲೊಂದು ದಿನ ಸಾಹೇಬರು ನಮ್ಮ ಕಟ್ಟೆಗೆ ಬಂದು, "ತಮ್ಮಾ, ಗಾಡಿಗೆ ಆಂಪ್ಲಿಫೈಯರ್ ಕುಂದ್ರಸಬೇಕು. ನಡಿ ಗಂಗಾವತಿಗೆ" ಅಂದರು.

ನನಗೆ ನಂಬಿಕೆ ಬರಲಿಲ್ಲ. ಯಾವ ಮದುವೆಯಲ್ಲೂ ಮೈಕಿನ ಹತ್ತಿರ ಊಟಕ್ಕೆ ಕೂಡ್ರದ ಮನುಷ್ಯ ಇವರು. ಭಜನೆಗೆ ಕರೆದರೆ ಪ್ರಸಾದದ ಹೊತ್ತಿಗೆ ಬರುತ್ತೇನೆ ಎನ್ನುವವರು. ಇವರಿಗೆ ಗಾಡಿಯ ಮೇಲೆ ಹಾಡು ಯಾಕೆ? ಓಣಿಯವರಂತೂ ನನಗಿಂತ ಮುಂದೆ ಹೋದರು. ಸಾಹೇಬರು ಐತಾರಕ್ಕೊಮ್ಮೆ ಹುಲಿಹೈದರದ ಕಡೆ ಹೋಗುತ್ತಾರೆ, ಅಲ್ಲಿ ಯಾರೋ ಇದ್ದಾರೆ, ಅವರಿಗೆ ಹಾಡು ಬೇಕಂತೆ ಎಂದು ಹಾಲಿನವನು ಒಂದು ಮನೆಯಲ್ಲಿ ಹೇಳಿದ್ದು ಸಂಜೆಯೊಳಗೆ ಓಣಿಯ ಕೊನೆ ಮುಟ್ಟಿತ್ತು. ನಾನು ಅದನ್ನು ನಂಬಲಿಲ್ಲ. ನಂಬಲಿಲ್ಲ ಅಂದರೂ ನೋಡಿಯೇ ಬಿಡೋಣ ಎಂದು ಹಿಂದಿನ ಸೀಟಿನಲ್ಲಿ ಹತ್ತಿ ಕೂತೆ.

ಆಂಪ್ಲಿಫೈಯರ್ ಆರಿಸುವ ಕೆಲಸ ಮದುವೆ ಸೀರೆ ಆರಿಸುವುದಕ್ಕಿಂತ ಉದ್ದವಾಯಿತು. ಮೊದಲು ಕೊಪ್ಪಳದಲ್ಲೇ ಒಂದು ಅಂಗಡಿಗೆ ಹೋದೆವು. ಅಂಗಡಿಯವನು ಫಳಫಳ ಹೊಳೆಯುವ ಪೆಟ್ಟಿಗೆಯೊಂದನ್ನು ಇಟ್ಟ. ಮೇಲೆ ವ್ಯಾಟಿನ ಲೆಕ್ಕ ಇಷ್ಟು ದೊಡ್ಡ ಅಕ್ಷರದಲ್ಲಿ ಬರೆದಿತ್ತು. ಸಾಹೇಬರು ಅದನ್ನು ಎತ್ತಿ ತೂಕ ನೋಡಿದರು, ಕಿಸೆಯಿಂದ ಸ್ಕ್ರೂ ಡ್ರೈವರ್ ತೆಗೆದರು.

"ಯಾಕ್ರಿ ಸಾಹೇಬ್ರ?" ಎಂದ ಅಂಗಡಿಯವನು.

"ನಡುವಿಂದು ನೋಡೂಣು."

"ಬಿಚ್ಚಿದ್ರ ಗ್ಯಾರಂಟಿ ಹೊಕ್ಕೈತ್ರಿ."

"ಬಿಚ್ಚದಿದ್ರ ನನ್ನ ನಂಬಿಗಿ ಹೊಕ್ಕೈತಿ."

ಮುಚ್ಚಳ ತೆಗೆದರೆ ಒಳಗೆ ಬೆರಳಗಲದ ಒಂದು ಹಾಳೆಯಂಥ ಸರ್ಕಿಟ್, ಅದರ ಪಕ್ಕ ಅಂಟು ಹಾಕಿ ಕೂಡಿಸಿದ ಒಂದು ಕಬ್ಬಿಣದ ಪಟ್ಟಿ. ಆ ಪಟ್ಟಿಗೂ ಹಾಡಿಗೂ ಯಾವ ಸಂಬಂಧವೂ ಇರಲಿಲ್ಲ, ತೂಕಕ್ಕೆಂದು ಇಟ್ಟದ್ದು. ಅಕ್ಕಿಯಲ್ಲಿ ಹರಳು ಸಿಕ್ಕಾಗ ಅವರ ಮುಖದಲ್ಲಿ ಬರುತ್ತಿದ್ದ ಸಂತೋಷ ನಿವೃತ್ತಿಯ ನಂತರ ಆವತ್ತೇ ಮತ್ತೆ ಬಂದದ್ದು. ಅಂಗಡಿಯವನು ತನಗೇನೂ ಗೊತ್ತಿಲ್ಲ ಎಂದು ತಾಯಾಣೆ ಮಾಡಿದ. ಅದನ್ನೂ ಅವರು ನಂಬಲಿಲ್ಲ.

ಗಂಗಾವತಿಯ ಫಿಟ್ಟರ್ ಟ್ರ್ಯಾಕ್ಟರುಗಳಿಗೆ ಹಾಡಿನ ಸೆಟ್ ಕೂಡಿಸುವುದರಲ್ಲಿ ಹೆಸರಾದವನು. ಭತ್ತದ ಸೀಮೆಯ ಟ್ರ್ಯಾಕ್ಟರ್ ಎಂದರೆ ಊರ ಆಚೆ ಇರುವಾಗಲೇ ಮನೆಯ ಪಾತ್ರೆಗಳು ಅಲುಗಬೇಕು. ಅವನು ಗಾಡಿಯನ್ನು ಸುತ್ತಿ ನೋಡಿ, ಹಿಂದಿನ ಪೆಟ್ಟಿಗೆಗಳಲ್ಲಿ ಒಂದೊಂದು ದೊಡ್ಡ ಸ್ಪೀಕರ್ ಇಡೋಣ ಎಂದ.

"ಬ್ಯಾಟರಿ ತಡೀತೈತೇನು?" ಎಂದೆ ನಾನು.

"ತಡಿಯೂದಿಲ್ರಿ ಅಣ್ಣಾರ. ಕನಕಗಿರಿ ಮುಟ್ಟೂದ್ರಾಗ ಬಂದ್ ಆಕ್ಕೈತಿ" ಎಂದು ಅವನೇ ನಕ್ಕ. ಕಡೆಗೆ ಅಂಗೈ ಅಗಲದ ಸಣ್ಣ ಆಂಪ್ ಒಂದನ್ನು ತೆಗೆದ. ನೀರು ಬಿದ್ದರೂ ಕೆಡದ್ದು, ಬ್ಯಾಟರಿ ಕಡಿಮೆ ತಿನ್ನುವುದು. ಸಾಹೇಬರು ಅದನ್ನೂ ಬಿಚ್ಚಿಸಿದರು. ಆಮೇಲೆ ಅದನ್ನು ಸ್ಪೀಕರಿಗೆ ಜೋಡಿಸಿ ಹಾಡು ಹಚ್ಚಲು ಹೇಳಿ, ಎಡಗೈ ಅಂಗೈಯನ್ನು ಸ್ಪೀಕರಿನ ಮೇಲೆ ಇಟ್ಟು, ಕಣ್ಣು ಮುಚ್ಚಿ ನಿಂತರು.

"ಇದು ಛಲೋ ಐತಿ" ಅಂದರು.

"ಹಾಡಿನ ಮರ್ಮ ಬಲ್ಲವರ್ರಿ ನಿಮ್ಮ ಸಾಹೇಬ್ರು" ಎಂದು ಫಿಟ್ಟರ್ ನನ್ನ ಕಿವಿಯಲ್ಲಿ ಹೇಳಿದ. ಹಾಡನ್ನು ಯಾರಾದರೂ ಕೈಯಿಂದ ಕೇಳುತ್ತಾರೆಯೇ ಎಂಬ ಪ್ರಶ್ನೆ ನನ್ನ ತಲೆಯಲ್ಲಿ ಆಗ ಹೊಕ್ಕಿತು.

ಕೂಡಿಸುವ ಕೆಲಸಕ್ಕೆ ಸಂಜೆಯಾಯಿತು. ಆಂಪ್ ಅನ್ನು ಸೀಟಿನ ಕೆಳಗೆ, ರಬ್ಬರ್ ಹಾಸಿ ಕೂಡಿಸಿದ. ಬ್ಯಾಟರಿಯಿಂದ ಬರುವ ತಂತಿಗೆ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಹಾಕಿದ. ಸೈಲೆನ್ಸರಿನ ಬಿಸಿ ತಾಗದ ಕಡೆಯಿಂದ ತಂತಿ ಎಳೆದು, ಸ್ಪೀಕರುಗಳನ್ನು ಹ್ಯಾಂಡಲಿಗೆ ಎರಡು ಕಡೆ ಕಟ್ಟಿ, ಹ್ಯಾಂಡಲನ್ನು ಪೂರಾ ಎಡಕ್ಕೂ ಪೂರಾ ಬಲಕ್ಕೂ ತಿರುಗಿಸಿ ತಂತಿ ಜಗ್ಗುವುದಿಲ್ಲ ಎಂದು ತೋರಿಸಿದ. ಮುಂದೆ ಜಾಗವಿರಲಿಲ್ಲವಾಗಿ ದನಿ ಏರಿಸಿ ಇಳಿಸುವ ಗುಂಡಿಯನ್ನು ಹಿಂದಿನ ಸೀಟಿನ ಪಕ್ಕಕ್ಕೆ, ಹಿಂದೆ ಕೂತವರ ಕೈಗೆ ಸಿಗುವಂತೆ ಇಟ್ಟ.

ಎಂಜಿನ್ ಚಾಲೂ ಮಾಡಿದರೆ ಹಾಡಿನ ಹಿಂದೆ ಕುಂಯ್ ಎಂದು ಸಣ್ಣ ದನಿಯೊಂದು ಎದ್ದಿತು. ಎಕ್ಸಿಲೇಟರ್ ತಿರುವಿದಷ್ಟೂ ಅದೂ ಏರುತ್ತಿತ್ತು. ಸೊಳ್ಳೆ ಕಿವಿಯಲ್ಲಿ ಹೊಕ್ಕ ಹಾಗೆ. ನಾನು ಹಲ್ಲು ಕಚ್ಚಿದೆ, ಫಿಟ್ಟರ್ ಮುಖ ಸಿಂಡರಿಸಿದ. ಸಾಹೇಬರು ಮಾತ್ರ ಸ್ಪೀಕರಿನ ಮೇಲೆ ಕೈ ಇಟ್ಟು, "ಭಾಳ ಛಲೋ ಆತು" ಎಂದರು.

ಇಡ್ಲಿಯಲ್ಲಿ ಕೂದಲೆಳೆ ಹುಡುಕುವ ಮನುಷ್ಯ ಅಂಥ ಕುಂಯ್ ದನಿಯನ್ನು ಪಾಸು ಮಾಡಿದ್ದರು. ಫಿಟ್ಟರ್ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಅವನು ಸೀಟು ಎತ್ತಿ, ಬಣ್ಣದ ಮೇಲೆ ಕೂಡಿಸಿದ್ದ ಅರ್ಥ್ ತಂತಿಯನ್ನು ತೆಗೆದು, ಬಣ್ಣ ಕೆರೆದು, ಬರಿ ಕಬ್ಬಿಣಕ್ಕೆ ಬಿಗಿದ. ದನಿ ನಿಂತಿತು. ಅದು ನಿಂತದ್ದೂ ಸಾಹೇಬರಿಗೆ ಗೊತ್ತಾಗಲಿಲ್ಲ.

ಅಲ್ಲಿಂದ ನಾನು ಅವರ ಮೇಲೆ ಕಣ್ಣಿಟ್ಟೆ. ಅವರು ಕಲಿಸಿದ ವಿದ್ಯೆಯನ್ನು ಅವರ ಮೇಲೇ ಹೂಡಿದೆ ಎನ್ನಿ. ಅವರು ಗಾಡಿಯನ್ನು ಯಾರ ಮನೆ ಮುಂದೆ ನಿಲ್ಲಿಸಿದರೂ ಹಾಡು ಬಂದ್ ಮಾಡುತ್ತಿರಲಿಲ್ಲ. ಮಾತಾಡಿಸಲು ಬಂದವರು "ಅದನ್ನ ಸ್ವಲ್ಪ ಇಳಸ್ರಿ ಸಾಹೇಬ್ರ" ಎಂದು ಒದರಿದರೆ, "ಜೋರ ಮಾತಾಡ್ರಿ, ಹಾಡು ನಡದೈತಿ" ಎಂದು ಇವರೂ ಒದರುವರು. ಹೀಗೆ ಹಾಡಿನ ನೆಪದಲ್ಲಿ ಇಡೀ ಊರು ಅವರೊಡನೆ ಕೂಗಿ ಮಾತಾಡುತ್ತಿತ್ತು. ಯಾರಿಗೂ ಸಂಶಯವಿಲ್ಲ. ಮುದುಕನಿಗೆ ಶೋಕಿ ಹತ್ತಿದೆ ಎಂದು ಬೈದುಕೊಂಡು ಹೋಗುವರು, ಅಷ್ಟೇ.

ಇರಕಲ್ಲಗಡದ ದಾರಿಯಲ್ಲಿ ಒಮ್ಮೆ ಪರೀಕ್ಷೆ ಮಾಡಿದೆ. ಹಿಂದೆ ಕೂತು, ಅವರಿಗೆ ಕಾಣದಂತೆ ಗುಂಡಿಯನ್ನು ಪೂರಾ ಇಳಿಸಿದೆ. ಹಾಡು ನಿಂತಿತು, ಗಾಳಿಯ ಸದ್ದು ಉಳಿಯಿತು. ಸಾಹೇಬರು ಹಾಗೇ ತಲೆ ಕುಣಿಸುತ್ತ ಹೊರಟಿದ್ದರು. ಅಷ್ಟರಲ್ಲಿ ಅವರ ಎಡಗೈ ಹ್ಯಾಂಡಲ್ ಬಿಟ್ಟು ಸ್ಪೀಕರಿನ ಮೇಲೆ ಹೋಯಿತು.

"ಯಾಕ ಇಳಿಸಿದಿ?" ಎಂದರು.

ನಾನು ಗುಂಡಿ ಏರಿಸಿದೆ. ಆಮೇಲೆ ಲಕ್ಷ್ಯಗೊಟ್ಟು ನೋಡಿದರೆ ಅವರು ದಾರಿಯುದ್ದಕ್ಕೂ ಆಗಾಗ ಹಾಗೆ ಅಂಗೈ ಇಟ್ಟು ನೋಡುತ್ತಿದ್ದರು. ಹಿಂದೆ ಕೂತವನನ್ನು ನಂಬುವ ಜಾಯಮಾನ ಅವರದಲ್ಲ.

ಗುಟ್ಟು ಒಡೆದದ್ದು ಕುಷ್ಟಗಿಯ ಹೆದ್ದಾರಿಯಲ್ಲಿ. ಹಿಂದೆ ಲಾರಿಯೊಂದು ಬೊಬ್ಬೆ ಹೊಡೆಯುತ್ತ ಬಂತು. ಹಾಡಿಗಿಂತ ನಾಲ್ಕು ಪಟ್ಟು ಜೋರು ಹಾರ್ನ್. ಸಾಹೇಬರು ಕನ್ನಡಿ ನೋಡದೆ, ಮುಂದಿನ ತಗ್ಗು ತಪ್ಪಿಸಲು ಗಾಡಿಯನ್ನು ನಿಧಾನಕ್ಕೆ ಬಲಕ್ಕೆ ಎಳೆದರು. ನಾನು ಅವರ ಭುಜ ಹಿಡಿದು ಎಡಕ್ಕೆ ಜಗ್ಗಿದೆ. ಲಾರಿ ನಮ್ಮ ಬಲಗಡೆ ಪೆಟ್ಟಿಗೆಗೆ ಗಾಳಿ ಬಡಿಸಿ ಹೋಯಿತು. ಡ್ರೈವರ್ ನಮ್ಮ ಇಬ್ಬರ ತಾಯಂದಿರನ್ನೂ ನೆನೆದ.

ಗಾಡಿಯನ್ನು ಬೇವಿನ ಮರದ ಕೆಳಗೆ ನಿಲ್ಲಿಸಿದರು. ಹಾಡು ಇನ್ನೂ ತನ್ನ ಪಾಡಿಗೆ ನಡೆದಿತ್ತು. ನಾನೇ ಬಂದ್ ಮಾಡಿದೆ.

"ಸಾಹೇಬ್ರ, ಕಿವಿ ಹೋಗ್ಯಾವಲ್ರಿ?" ಎಂದು ಅವರ ಮುಖಕ್ಕೆ ಮುಖ ಕೊಟ್ಟು ಕೂಗಿದೆ.

ಕರಿ ಹೊಲದ ಕಡೆ ಮುಖ ತಿರುಗಿಸಿ ಹೇಳಿದರು: "ಬಲಗಡೀದು ಪೂರಾ ಹೋಗೈತಿ. ಎಡಗಡೀದು ಒಂದೀಟ ಉಳದೈತಿ. ನಿನ್ನ ಅಕ್ಕಗ ಗೊತ್ತಾದ್ರ ಕೀಲಿ ಹೊಕ್ಕೈತಿ ತಮ್ಮಾ. ಕೀಲಿ ಹೋದ್ರ ನಾ ಕಟ್ಟಿ ಮ್ಯಾಲೆ ಕುಂದರಾಂವ ಆಗ್ತೀನಿ. ಅದಕ್ಕ ಈ ಪೆಟಗಿ ಕುಂದ್ರಿಸಿದೆ. ಹಾಡು ಹಚ್ಚಿದ್ರ ಮಂದಿ ಹಾಡಿಗೆ ಬೈತಾರ, ಕಿವಿ ಸುದ್ದಿಗೆ ಬರೂದಿಲ್ಲ."

ನನಗೆ ಸಿಟ್ಟು ಬಂತು, ಅಷ್ಟೇ ಕನಿಕರವೂ ಬಂತು. ಇಡೀ ಜಿಲ್ಲೆಯ ಮೋಸ ಹಿಡಿದ ಮನುಷ್ಯ ತಾನೇ ಚೀಲದ ಬಾಯಿಗೆ ಒಳ್ಳೆ ಅಕ್ಕಿ ತುಂಬಿ ಕೂತಿದ್ದರು. "ನೀವ ಅಕ್ಕಗ ಹೇಳ್ರಿ. ಇಲ್ಲಂದ್ರ ನಾ ಹೇಳತೀನಿ" ಎಂದೆ.

"ನೀ ಹೇಳ್ತಿ ಅಂತ ನನಗ ಮೊದಲ ಸಂಶಯ ಇತ್ತು" ಎಂದರು.

ಇಬ್ಬರೂ ಹೇಳುವ ಪ್ರಸಂಗವೇ ಬರಲಿಲ್ಲ. ಮನೆ ಮುಂದೆ ಗಾಡಿ ನಿಂತಾಗ ಅಕ್ಕ ಬಾಗಿಲಲ್ಲೇ ಕೂತು ಮೆಂತ್ಯಪಲ್ಲೆ ಸೋಸುತ್ತಿದ್ದಳು. ನಮ್ಮ ಮುಖ ನೋಡಿದ್ದೇ ಎದ್ದು ಬಂದು ಗಂಡನ ಮುಂದೆ ಕೈ ಚಾಚಿದಳು. ಸಾಹೇಬರು ಆ ಕೈಯಲ್ಲಿ ಕೀಲಿ ಇಟ್ಟರು.

"ಯಾವಾಗಿಂದ ಗೊತ್ರಿ ಅಕ್ಕಾ?" ಎಂದೆ.

"ಯುಗಾದಿ ಮುಂದ ಇವರ ಹಿಂದ ನಿಂತು ಊಟದ ಗಂಗಾಳ ಕೆಡವಿ ನೋಡೀನಿ. ತಿರುಗಿ ನೋಡಲಿಲ್ಲ. ಇವರ ಜೋಡಿ ಇಷ್ಟು ವರ್ಷ ಬಾಳೆ ಮಾಡೀನಿ ತಮ್ಮಾ, ನಡುವಿನ ಅಕ್ಕಿ ನೋಡಾಕ ನನಗೂ ಬರತೈತಿ. ತಾವಾಗಿ ಹೇಳ್ತಾರೇನಂತ ಕಾಯಾಕತ್ತಿದ್ದೆ." ಹೀಗೆಂದು ಕೀಲಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

ಸಾಹೇಬರು ಆ ವಾರ ಹೊರಗೆ ಬರಲಿಲ್ಲ. ಗಾಡಿಯ ಮೇಲೆ ಧೂಳು ಕೂತಿತು. ಐತಾರ ಬೆಳಿಗ್ಗೆ ನಾನು ಹಲ್ಲುಜ್ಜುತ್ತ ನಿಂತಾಗ ಅಕ್ಕ ಸೆರಗು ಸೊಂಟಕ್ಕೆ ಸಿಗಿಸಿ, ತಲೆಗೆ ನನ್ನದೇ ಹೆಲ್ಮೆಟ್ ಹಾಕಿಕೊಂಡು ಹೊರಗೆ ಬಂದಳು. ಗಂಟು ಬಿಚ್ಚಿ ಕೀಲಿ ಗಂಡನ ಕೈಗೆ ಕೊಟ್ಟು, ಹಿಂದಿನ ಸೀಟಿನಲ್ಲಿ ಹತ್ತಿ ಕೂತಳು. "ಕೀಲಿ ನನ್ನ ಹತ್ರನ ಇರತೈತಿ. ನಾ ಕುಂತರ ಗಾಡಿ ಹೊಂಡತೈತಿ, ಇಲ್ಲಂದ್ರ ಇಲ್ಲ" ಎಂದು ನನಗೆ ಕೇಳುವಂತೆ ಹೇಳಿದಳು. ಗಂಡನಿಗೆ ಹೇಳುವುದನ್ನು ಬೆನ್ನ ಮೇಲೆ ತಟ್ಟಿ ಹೇಳಿದಳು. ಹಿಂದೆ ಗಾಡಿ ಬಂದರೆ ಎಡ ಭುಜಕ್ಕೆ ತಟ್ಟುವುದು, ನಿಲ್ಲಬೇಕಾದರೆ ನಡುಬೆನ್ನಿಗೆ ಗುದ್ದುವುದು. ಆ ಗುದ್ದು ನೋಡಿದ ಓಣಿಯವರಿಗೆ ಹುಲಿಹೈದರದ ಸುದ್ದಿ ಮರೆತುಹೋಯಿತು.

ನನ್ನ ಸೀಟು ಹೋಯಿತು, ಹೆಲ್ಮೆಟ್ ಕೂಡ ಹೋಯಿತು. ಇಬ್ಬರೂ ಹಾಡು ಹಚ್ಚಿಕೊಂಡು ಓಣಿ ತಿರುಗಿ ಹೋಗುವುದನ್ನು ಐತಾರಕ್ಕೊಮ್ಮೆ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ. ನಡುವೆ ಮಗಳು ಕಿವಿಗೆ ಹಾಕುವ ಮಷೀನ್ ತಂದುಕೊಟ್ಟಳು. ಸಾಹೇಬರು ಎರಡು ದಿನ ಹಾಕಿ, "ಇದರಾಗ ಎಲ್ಲಾರ ಮಾತೂ ಒಂದ ದನಿಯಾಗ ಬರ್ತಾವು. ಯಾರು ಖರೇ, ಯಾರು ಸುಳ್ಳು, ತಿಳಿಯವಲ್ದು" ಎಂದು ಡಬ್ಬಿಯಲ್ಲಿಟ್ಟರು.

ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಮಣ್ಣಿಗೆ ಬಂದ ಗಂಗಾವತಿಯ ಗಿರಣಿಯವರಲ್ಲಿ ಒಬ್ಬ ಮುಖ ನೋಡಿ, "ಮ್ಯಾಲೆ ಹೋಗಿ ಅಲ್ಲಿಯ ಅಕ್ಕಿಗೂ ಕೊಳವಿ ಚುಚ್ಚತಾರ ಬಿಡ್ರಿ" ಎಂದ. ಅಳುವವರೂ ನಕ್ಕರು. ನನಗೆ ಅಳು ಬಂದದ್ದು ಆಗಲೇ.

ತಿಂಗಳ ಮೇಲೆ ಅಕ್ಕ ಕರೆದಳು. "ತಮ್ಮಾ, ವಾರಕ್ಕೊಮ್ಮೆ ಗಾಡಿ ಚಾಲೂ ಮಾಡಿ ಇಡಪಾ. ಬ್ಯಾಟರಿ ಸಾಯತೈತಂತ." ಸೆರಗಿನ ಗಂಟು ಬಿಚ್ಚಿ ಕೀಲಿ ಕೊಟ್ಟಳು. ಅದು ಇನ್ನೂ ಅಲ್ಲೇ ಇತ್ತು. ನಾನು ಗಾಡಿ ಚಾಲೂ ಮಾಡಿದೆ. ಹಾಡೂ ಹಚ್ಚಿ ನೋಡೋಣ ಎಂದು ಮೊಬೈಲ್ ಜೋಡಿಸಿದೆ. ದನಿ ಬರಲಿಲ್ಲ. ನನಗೆ ಮೊದಲು ಫಿಟ್ಟರಿನ ಮೇಲೆ ಸಂಶಯ ಬಂತು. ಸೀಟು ಎತ್ತಿ ಫ್ಯೂಸ್ ನೋಡಿದೆ, ಚೆನ್ನಾಗಿತ್ತು. ಆಂಪಿನ ಸಣ್ಣ ದೀಪ ಉರಿಯುತ್ತಿತ್ತು. ಸ್ಪೀಕರಿನ ಮೇಲೆ ಸಾಹೇಬರಂತೆ ಅಂಗೈ ಇಟ್ಟೆ. ಸತ್ತಂತಿತ್ತು.

"ಅದೇನೂ ಕೆಟ್ಟಿಲ್ಲ. ಗುಂಡಿ ಇಳಿಸೈತಿ ನೋಡು" ಎಂದಳು ಅಕ್ಕ.

ಬಗ್ಗಿ ನೋಡಿದರೆ ಹಿಂದಿನ ಸೀಟಿನ ಪಕ್ಕದ ಗುಂಡಿ ಪೂರಾ ಇಳಿದಿತ್ತು.

"ಯಾರು ಇಳಿಸಿದ್ರಿ?"

"ನಾನ. ಊರು ದಾಟೂತನಕ ಹಾಡು ಇರತಿತ್ತು. ದಾಟಿದ ಮ್ಯಾಲೆ ಇಳಿಸಿ ಬಿಡತಿದ್ದೆ. ಹಾಡು ಇದ್ರ ಹಿಂದಿನ ಲಾರಿ ನನಗ ಹೆಂಗ ಕೇಳಬೇಕು? ತಿರುಗಿ ಓಣಿಗೆ ಬರೂಮುಂದ ಏರಸ್ತಿದ್ದೆ. ಕಡೀ ಸಲ ಮರತೆ."

"ಅವರಿಗೆ ಗೊತ್ತಾಗಲಿಲ್ಲೇನ್ರಿ ಅಕ್ಕಾ?" ಎಂದೆ. "ಕೈ ಇಟ್ಟು ನೋಡದ ಮನುಷ್ಯಾ ಅಲ್ರಿ ಅವರು. ನಾ ಒಮ್ಮೆ ಇಳಿಸಿದ್ದಕ್ಕ ಅಲ್ಲೇ ಹಿಡಿದಿದ್ರು."

ಅಕ್ಕ ಹ್ಯಾಂಡಲಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು.

"ಮೊದಲನೇ ದಿನ ಕೈ ಹೋತು. ನಾ ಉಸಿರು ಹಿಡಕೊಂಡು ಕುಂತೆ. ಸ್ಪೀಕರಿನ ತನಕ ಹೋತು, ಅಲ್ಲೇ ನಿಂತಿತು, ಇಡಲಿಲ್ಲ. ತಿರುಗಿ ಬಂದು ಹ್ಯಾಂಡಲ್ ಹಿಡೀತು. ಆಮ್ಯಾಲೆ ನಾ ಹಿಂದ ಕುಂತಾಗ ಆ ಕೈ ಎಂದೂ ಅಲ್ಲಿಗೆ ಹೋಗಲಿಲ್ಲ ತಮ್ಮಾ."